ದುಡ್ಡು ಕೊಟ್ಟು ಬ್ಯಾಂಡ್‌ನವರನ್ನು ಭೇಟಿ ಮಾಡುವ ವಿಐಪಿ ಟಿಕೆಟ್: ಕೊಳ್ಳಬೇಕಾ, ಬೇಡ್ವಾ?

ಈಗ ಯಾವುದೇ ದೊಡ್ಡ ಬ್ಯಾಂಡ್‌ನ ಲೈವ್ ಶೋಗೆ ಟಿಕೆಟ್ ತೆಗೆಯಲು ಹೋದರೂ ಮಾಮೂಲಿ ಟಿಕೆಟ್ ಪಕ್ಕದಲ್ಲೇ ಇನ್ನೊಂದು ಕಾಣಿಸುತ್ತದೆ. ವಿಐಪಿ ಪ್ಯಾಕೇಜ್. ಬೆಲೆ ಮಾಮೂಲಿ ಟಿಕೆಟ್‌ನ ಎಷ್ಟೋ ಪಟ್ಟು. ಎಲ್ಲರಿಗಿಂತ ಮುಂಚೆ ಒಳಗೆ ಬಿಡುತ್ತಾರೆ, ಸೌಂಡ್‌ಚೆಕ್ (ಶೋಗೆ ಮುಂಚೆ ವಾದ್ಯ, ಮೈಕ್‌ಗಳ ಸದ್ದು ಹೊಂದಿಸಿಕೊಳ್ಳುವುದು) ನೋಡಬಹುದು, ಬ್ಯಾಂಡ್ ಜೊತೆ ಒಂದು ಫೋಟೋ, ಸಹಿ ಇರುವ ಒಂದು ಪೋಸ್ಟರ್, ಕೊರಳಿಗೆ ಹಾಕಿಕೊಳ್ಳಲು ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್. ಬಹಳ ವರ್ಷದಿಂದ ನಾನು ಕೇಳುತ್ತಾ ಬಂದಿರುವ ಒಂದು ಬ್ಯಾಂಡ್‌ನ ಪ್ಯಾಕೇಜ್ ಕೊಂಡು ಹೋಗಿದ್ದೆ. ಬ್ಯಾಂಡ್ ಹೆಸರು ಬೇಡ. ಇಲ್ಲಿ ಬರೆಯುತ್ತಿರುವುದು ಆ ಪ್ಯಾಕೇಜ್ ಬಗ್ಗೆ, ಮತ್ತೆ ಅದರ ಜೊತೆಗೇ ಬರುವ ಒಂದು ಹಳೇ ಜಗಳದ ಬಗ್ಗೆ: ವೇದಿಕೆ ಮೇಲೆ ನಿಂತವರು ಕೆಳಗೆ ನಿಂತವರ ಜೊತೆ ಸ್ನೇಹದಿಂದ ಇರಲೇಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಟಿಕೆಟ್ ತೆಗೆದುಕೊಂಡವರಿಗೆ ಬ್ಯಾಂಡ್ ಒಳ್ಳೆಯ ಶೋ ಕೊಡಬೇಕು, ಅಷ್ಟೇ. ನಗು, ಮಾತು, ಕೈಕುಲುಕು ಇದ್ದರೆ ಸಂತೋಷ, ಇಲ್ಲದಿದ್ದರೆ ಕೇಳುವ ಹಕ್ಕು ನಮಗಿಲ್ಲ. ಆದರೆ ಅದೇ ನಗು, ಅದೇ ಕೈಕುಲುಕನ್ನು ಬೇರೆ ಬೆಲೆ ಹಾಕಿ ಮಾರಿದರೆ, ಆಗ ಅದು ಬಾಕಿ. ಕೊಡಲೇಬೇಕು. ಕೊಡಲು ಆಗದಿದ್ದರೆ ಮಾರಬಾರದು.

ಮೊದಲು ಫೋಟೋ ವಿಷಯಕ್ಕೆ ಬರೋಣ, ಯಾಕೆಂದರೆ ಬಹಳ ಜನ ದುಡ್ಡು ಕೊಡುವುದೇ ಅದಕ್ಕೆ. ವೇದಿಕೆ ಹಿಂದಿನ ಒಂದು ಉದ್ದನೆಯ ಹಜಾರದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬ ಸಿಬ್ಬಂದಿ ಸಾಲಿನ ಉದ್ದಕ್ಕೂ ನಡೆಯುತ್ತಾ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಬ್ಯಾಗ್ ಆ ಮೇಜಿನ ಮೇಲೆ ಇಡಿ, ಫೋನ್ ಜೇಬಿಗೆ ಹಾಕಿ, ಸೆಲ್ಫಿ ಇಲ್ಲ, ಸಹಿ ಕೇಳಬೇಡಿ, ಅಪ್ಪಿಕೊಳ್ಳಬೇಡಿ, ಫೋಟೋ ನಮ್ಮ ಫೋಟೋಗ್ರಾಫರ್ ತೆಗೆಯುತ್ತಾರೆ, ಆಮೇಲೆ ಲಿಂಕ್ ಬರುತ್ತದೆ. ಕೊನೆಯಲ್ಲಿ ಬ್ಯಾಂಡ್ ಹೆಸರಿದ್ದ ಒಂದು ಪರದೆ, ಅದರ ಮುಂದೆ ನಾಲ್ಕು ಜನ, ನೆಲದ ಮೇಲೆ ನಾವು ನಿಲ್ಲಬೇಕಾದ ಜಾಗಕ್ಕೆ ಟೇಪ್ ಗುರುತು. ಹೋಗಿ ನಿಲ್ಲುವುದು, ಕ್ಯಾಮೆರಾ ನೋಡುವುದು, ಕ್ಲಿಕ್, ಆಚೆ ಬಾಗಿಲಿಂದ ಹೊರಗೆ. ನನಗೆ ಸಿಕ್ಕಿದ್ದು ಗಾಯಕನಿಂದ ಒಂದು ಥ್ಯಾಂಕ್ಸ್, ಬಾಸಿಸ್ಟ್‌ನಿಂದ ಒಂದು ತಲೆಯಾಡಿಸುವಿಕೆ. ಡ್ರಮ್ಮರ್ ನನ್ನನ್ನು ನೋಡಲೇ ಇಲ್ಲ. ಗಿಟಾರಿಸ್ಟ್ ಮುಖದಲ್ಲಿ ನಗು ಇತ್ತು, ಆದರೆ ಅದು ನನಗಿಂತ ಮುಂಚೆ ಬಂದವರಿಗೂ ಅಷ್ಟೇ ಇತ್ತು, ನನ್ನ ಹಿಂದೆ ಬಂದವರಿಗೂ ಅಷ್ಟೇ ಇತ್ತು.

ನನಗೆ ಬೇಜಾರಾಗಿದ್ದು ಇದಕ್ಕಲ್ಲ. ನನ್ನ ಮುಂದೆ ಒಬ್ಬ ಹುಡುಗಿ ಇದ್ದಳು, ಕೈಯಲ್ಲಿ ಮಡಚಿದ ಒಂದು ಪತ್ರ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಅದನ್ನು ಬಿಚ್ಚುವುದು, ಮಡಚುವುದು. ಒಂದು ಹಾಡು ಅವಳಿಗೆ ಕಷ್ಟದ ಕಾಲದಲ್ಲಿ ಹೇಗೆ ಜೊತೆಗಿತ್ತು ಅಂತ ಹೇಳಬೇಕಿತ್ತಂತೆ. ಅವಳ ಸರದಿ ಬಂದಾಗ ಪತ್ರ ಅಲ್ಲಿದ್ದ ಡಬ್ಬಿಗೆ ಹಾಕಿ ಅಂದರು. ಹಾಕಿದಳು. ಫೋಟೋ ಆಯಿತು. ಗಾಯಕನ ಕಡೆ ತಿರುಗಿ ಮಾತು ಶುರು ಮಾಡಿದಳು, ಅರ್ಧ ವಾಕ್ಯ ಆಗುವಷ್ಟರಲ್ಲಿ ಸಿಬ್ಬಂದಿ ಅವಳ ಬೆನ್ನ ಹಿಂದೆ ಕೈ ಚಾಚಿ ಮುಂದೆ ಮುಂದೆ ಅಂದ. ಗಾಯಕ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದಿದ್ದ. ನಾನು ನೋಡಿದೆ. ಆದರೆ ಅಷ್ಟರಲ್ಲಿ ನಾನು ಆ ಟೇಪ್ ಗುರುತಿನ ಮೇಲೆ ನಿಂತಾಗಿತ್ತು, ಅವನು ನನ್ನ ಕಡೆ ತಿರುಗಬೇಕಾಯಿತು. ಅವನಿಗೆ ಮನಸ್ಸಿತ್ತು, ಅವಳಿಗೆ ಹೇಳುವುದಿತ್ತು, ಇಬ್ಬರ ನಡುವೆ ಇದ್ದಿದ್ದು ಈ ಪ್ಯಾಕೇಜ್.

ಲೆಕ್ಕ ಹಾಕಿ ನೋಡಿ. ನೂರು ಜನಕ್ಕೆ ಪ್ಯಾಕೇಜ್ ಮಾರಿದ್ದಾರೆ ಅಂದುಕೊಳ್ಳೋಣ. ತಲಾ 30 ಸೆಕೆಂಡ್ ಕೊಟ್ಟರೆ 50 ನಿಮಿಷ. ತಲಾ 3 ನಿಮಿಷ, ಅಂದರೆ ಮನುಷ್ಯರು ಒಂದು ಮಾತು ಆಡಿ ಮುಗಿಸುವಷ್ಟು ಸಮಯ ಕೊಟ್ಟರೆ 5 ಗಂಟೆ. 2000 ಜನ ಹಿಡಿಸುವ ಹಾಲ್‌ನಲ್ಲಿ ಪ್ರತಿಯೊಬ್ಬರಿಗೂ ಬರೀ 30 ಸೆಕೆಂಡ್ ಕೊಡುತ್ತೇವೆ ಅಂದರೂ 16 ಗಂಟೆ ಮೀರುತ್ತದೆ. ಇಷ್ಟು ಸಮಯ ಯಾರ ಹತ್ತಿರವೂ ಇಲ್ಲ. ಬ್ಯಾಂಡ್ ಎಷ್ಟೇ ಒಳ್ಳೆಯವರಾಗಿದ್ದರೂ ಇದು ಆಗದ ಕೆಲಸ. ಇದು ಮಾರುವವರಿಗೂ ಗೊತ್ತು. ಗೊತ್ತಿದ್ದೂ ಜಾಹೀರಾತಿನಲ್ಲಿ 'ನಿಮ್ಮ ಮೆಚ್ಚಿನ ಕಲಾವಿದರನ್ನು ಭೇಟಿ ಮಾಡಿ' ಅಂತ ಬರೆಯುತ್ತಾರಲ್ಲ, ನನ್ನ ತಕರಾರು ಅಲ್ಲೇ. 'ಕಲಾವಿದರ ಪಕ್ಕ ನಿಂತು ಒಂದು ಫೋಟೋ' ಅಂತ ನೇರವಾಗಿ ಬರೆದಿದ್ದರೆ ಯಾರಿಗೂ ಮೋಸ ಅನ್ನಿಸುತ್ತಿರಲಿಲ್ಲ.

2014ರಲ್ಲಿ ಬ್ರೆಜಿಲ್‌ನಲ್ಲಿ ಗಾಯಕಿ ಅವ್ರಿಲ್ ಲವೀನ್ ಅಭಿಮಾನಿಗಳ ಜೊತೆ ತೆಗೆಸಿಕೊಂಡ ಫೋಟೋಗಳು ನಿಮಗೆ ನೆನಪಿರಬಹುದು. ದೊಡ್ಡ ಮೊತ್ತ ಕೊಟ್ಟು ಬಂದವರು ಒಂದು ಕಡೆ, ಆಕೆ ಇನ್ನೊಂದು ಕಡೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಜಗತ್ತೆಲ್ಲ ಆ ಫೋಟೋಗಳನ್ನು ನೋಡಿ ಆಡಿಕೊಂಡಿತು. ನನಗೆ ಆಗಲೂ ಈಗಲೂ ಅನ್ನಿಸುವುದು ಒಂದೇ. ಮುಟ್ಟಬೇಡಿ ಅನ್ನುವುದು ಆಕೆಯ ಹಕ್ಕು, ಅದರಲ್ಲಿ ತಪ್ಪು ಹುಡುಕಬಾರದು. ದಿನಾ ಗುರುತಿಲ್ಲದ ಅಷ್ಟು ಜನ ಹೆಗಲ ಮೇಲೆ ಕೈ ಹಾಕಿದರೆ ಯಾರಿಗಾದರೂ ಸಾಕಾಗುತ್ತದೆ. ಆದರೆ ಹತ್ತಿರ ಬರುವ ಆಸೆಯನ್ನೇ ಮಾರಾಟಕ್ಕಿಟ್ಟು ಆಮೇಲೆ ದೂರ ನಿಲ್ಲಿಸುವುದು ಸರಿಯಲ್ಲ. ಹಾಗೆ ನಿಲ್ಲಿಸಬೇಕಾಗುತ್ತದೆ ಅಂತ ಗೊತ್ತಿದ್ದ ಮೇಲೆ ಆ ಟಿಕೆಟ್ ಮಾಡಲೇಬಾರದು.

ಇನ್ನು ಸೌಂಡ್‌ಚೆಕ್. ಇದು ಈ ಪ್ಯಾಕೇಜ್‌ನ ಜೀವ. ಫೋಟೋಗೆ ಹೊಟ್ಟೆ ಉರಿದುಕೊಂಡವನು ಇದನ್ನು ಹೊಗಳುತ್ತಿದ್ದೇನೆ ಅಂದರೆ ನಂಬಿ. ಖಾಲಿ ಹಾಲ್, ಲೈಟ್ ಎಲ್ಲ ಹಾಕಿದೆ, ಹೊಗೆ ಇಲ್ಲ, ಬಣ್ಣ ಇಲ್ಲ. ಡ್ರಮ್ಮರ್ ಒಬ್ಬನೇ ಕೂತು ಕಿಕ್ ಡ್ರಮ್ ಬಡಿಯುತ್ತಿದ್ದಾನೆ, ಒಂದೇ ಏಟು, ಮತ್ತೆ ಅದೇ ಏಟು, ಹಾಲ್‌ನ ಮಧ್ಯದಲ್ಲಿ ಮಿಕ್ಸರ್ ಮುಂದೆ ನಿಂತ ಇಂಜಿನಿಯರ್ ಏನೋ ತಿರುಗಿಸುತ್ತಾ ಇನ್ನೊಂದ್ಸಲ ಅನ್ನುತ್ತಿದ್ದಾನೆ. ಆಮೇಲೆ ಸ್ನೇರ್ ಡ್ರಮ್. ಆಮೇಲೆ ಒಂದೊಂದು ಟಾಮ್ ಡ್ರಮ್. ಆಮೇಲೆ ಬಾಸ್ ಬಂದು ಸೇರಿಕೊಂಡಾಗ ನೆಲ ನಡುಗಿತು, ಇಂಜಿನಿಯರ್ ಕೈ ಎತ್ತಿ ನಿಲ್ಲಿಸಿದ, ಎಲ್ಲೋ ಯಾವುದೋ ಒಂದು ಆವರ್ತನ ಹಾಲ್‌ನ ಗೋಡೆಗೆ ಹೊಡೆದು ಗುಂಯ್ ಅನ್ನುತ್ತಿತ್ತು, ಅದನ್ನು ಹುಡುಕಿ ತೆಗೆಯುವವರೆಗೂ ಮುಂದೆ ಹೋಗಲಿಲ್ಲ. ಹಾಲ್ ಖಾಲಿ ಇದ್ದಾಗ ಒಂದು ಥರ ಕೇಳಿಸುತ್ತದೆ, ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಂಡು ಇನ್ನೊಂದು ಥರ ಆಗುತ್ತದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಸೆಟ್ ಮಾಡಬೇಕು. ಒಂದು ಹಾಡಿನ ಕೋರಸ್‌ನಲ್ಲಿ ಮೂರು ಜನ ಒಟ್ಟಿಗೆ ಹಾಡುವ ಕಡೆ ಒಂದು ಸ್ವರ ಹೊಂದುತ್ತಿರಲಿಲ್ಲ. ಮೈಕ್ ಇಳಿಸಿ, ಒಬ್ಬರ ಮುಖ ಒಬ್ಬರು ನೋಡುತ್ತಾ, ಬರೀ ಬಾಯಲ್ಲಿ ಅದನ್ನು ಹಾಡಿ ಸರಿ ಮಾಡಿಕೊಂಡರು. ಎಷ್ಟೋ ಸಾವಿರ ಸಲ ಹಾಡಿರುವ ಹಾಡು ಅದು. ಆದರೂ ಸರಿ ಮಾಡಿಕೊಂಡರು.

ನಮ್ಮ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಅದೇ ಇಷ್ಟವಾಯಿತು. ನಾವು ಅಲ್ಲಿದ್ದೇವೆ ಅಂತ ಅವರು ಏನನ್ನೂ ಜಾಸ್ತಿ ಮಾಡಲಿಲ್ಲ, ಏನನ್ನೂ ಕಡಿಮೆ ಮಾಡಲಿಲ್ಲ. ರಾತ್ರಿ ಬರುವ ಜನಕ್ಕೆ ಒಂದು ಸ್ವರವೂ ತಪ್ಪು ಹೋಗಬಾರದು ಅಂತ ಮಧ್ಯಾಹ್ನವೇ ಇಷ್ಟು ಕೆಲಸ ಮಾಡುತ್ತಾರಲ್ಲ, ಅಭಿಮಾನಿಗಳ ಮೇಲಿನ ಪ್ರೀತಿ ಅಂದರೆ ನನಗೆ ಅಲ್ಲಿ ಕಂಡಿದ್ದು.

ರಾತ್ರಿ ಶೋನಲ್ಲಿ ಗಾಯಕ ಹೆಚ್ಚು ಮಾತಾಡಲಿಲ್ಲ. ಒಂದು ನಮಸ್ಕಾರ, ಕೊನೆಗೆ ಬ್ಯಾಂಡ್‌ನವರ ಹೆಸರು, ಅಷ್ಟೇ. ನಡುವೆ ಹಾಡಿನ ಮೇಲೆ ಹಾಡು. ಹೊರಗೆ ಬರುವಾಗ ಪಕ್ಕದಲ್ಲಿ ಇಬ್ಬರು ಗೊಣಗುತ್ತಿದ್ದರು, ಏನು ಜಂಬ ನೋಡು, ಒಂದು ಮಾತಿಲ್ಲ ಕತೆಯಿಲ್ಲ ಅಂತ. ಈ ದೂರು ನಾನು ಪ್ರತಿ ಶೋ ಮುಗಿದ ಮೇಲೂ ಕೇಳುತ್ತೇನೆ, ಪ್ರತಿ ಸಲವೂ ವಾದಕ್ಕೆ ಇಳಿಯಬೇಕು ಅನ್ನಿಸುತ್ತದೆ.

ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಜನರ ಕಡೆ ಬೆನ್ನು ಮಾಡಿ ಟ್ರಂಪೆಟ್ ನುಡಿಸುತ್ತಿದ್ದರು, ಅದಕ್ಕೆ ಜೀವನವಿಡೀ ದುರಹಂಕಾರಿ ಅನ್ನಿಸಿಕೊಂಡರು. ಅವರು ತಿರುಗುತ್ತಿದ್ದುದು ತಮ್ಮ ಬ್ಯಾಂಡ್ ಕಡೆಗೆ. ಮುಂದೆ ಏನು ಅನ್ನುವುದನ್ನು ಕಣ್ಣಲ್ಲಿ, ಕೈಯಲ್ಲಿ ಹೇಳಬೇಕಲ್ಲ. ಆರ್ಕೆಸ್ಟ್ರಾ ಕಂಡಕ್ಟರ್ ಪೂರ್ತಿ ಕಾರ್ಯಕ್ರಮ ನಮಗೆ ಬೆನ್ನು ಹಾಕಿಯೇ ನಿಂತಿರುತ್ತಾರೆ, ಅವರನ್ನು ಯಾರೂ ಜಂಬದವರು ಅನ್ನುವುದಿಲ್ಲ. ರಮೋನ್ಸ್ ಬ್ಯಾಂಡ್‌ನವರು ಒಂದು ಹಾಡು ಮುಗಿದ ತಕ್ಷಣ ಒನ್ ಟೂ ತ್ರೀ ಫೋರ್ ಅಂತ ಎಣಿಸಿ ಇನ್ನೊಂದಕ್ಕೆ ಹಾರುತ್ತಿದ್ದರು, ಉಸಿರಾಡಲೂ ಬಿಡುತ್ತಿರಲಿಲ್ಲ, ಜನ ಬರುತ್ತಿದ್ದುದೇ ಅದಕ್ಕೆ. ಬಾಬ್ ಡಿಲನ್ ಇಡೀ ರಾತ್ರಿ ಒಂದೇ ಒಂದು ಮಾತಾಡದೆ ಹೋಗಿಬಿಟ್ಟ ಶೋಗಳು ಎಷ್ಟೋ ಇವೆ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಿ, ಸರಿ. ಅವರು ನಿಮಗೆ ಬಾಕಿ ಉಳಿಸಿಕೊಂಡಿದ್ದಾರೆ ಅನ್ನಬೇಡಿ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಮೈ ಬ್ಲಡಿ ವ್ಯಾಲೆಂಟೈನ್ ಅನ್ನುವ ಬ್ಯಾಂಡ್. ವೇದಿಕೆ ಮೇಲೆ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಬ್ದ ಮಾತ್ರ ಎದೆ ನಡುಗಿಸುವಷ್ಟು. 2008ರಲ್ಲಿ ಅವರು ಮತ್ತೆ ಒಟ್ಟಾಗಿ ಶೋ ಕೊಡಲು ಶುರು ಮಾಡಿದಾಗ ಬಾಗಿಲಲ್ಲೇ ಜನರಿಗೆ ಇಯರ್‌ಪ್ಲಗ್ ಹಂಚುತ್ತಿದ್ದರು. ನಗುನಗುತ್ತಾ ಮಾತಾಡಿ ಕಿವಿ ಹಾಳು ಮಾಡಿ ಕಳಿಸುವವರಿಗಿಂತ ನನಗೆ ಇವರೇ ಮೇಲು. ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ಕೂಡ ಹಾಗೇ, ವೇದಿಕೆ ಮೇಲೆ ಹರಟೆ ಹೊಡೆದವರಲ್ಲ. ಆದರೆ 1984ರಲ್ಲಿ ಅವರು ಶೋ ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಗಳಿಗೆ ಅಂತಲೇ ಹಾಲ್‌ನಲ್ಲಿ ಒಂದು ಜಾಗ ಬಿಟ್ಟುಕೊಟ್ಟರು. ಮೈಕ್ ಸ್ಟ್ಯಾಂಡ್ ನಿಲ್ಲಿಸಿಕೊಳ್ಳಿ, ರೆಕಾರ್ಡ್ ಮಾಡಿ, ನಿಮ್ಮನಿಮ್ಮಲ್ಲಿ ಹಂಚಿಕೊಳ್ಳಿ, ದುಡ್ಡಿಗೆ ಮಾತ್ರ ಮಾರಬೇಡಿ. ಆ ಟೇಪ್‌ಗಳು ಕೈಯಿಂದ ಕೈಗೆ ಹೋಗಿ ಒಂದು ದೊಡ್ಡ ಸಂಗ್ರಹವೇ ಆಯಿತು, ಹೊಸ ಕೇಳುಗರು ಬಂದಿದ್ದೂ ಹಾಗೇ. ವೇದಿಕೆಯಿಂದ ಹೌ ಆರ್ ಯೂ ಅಂತ ಕೂಗುವುದಕ್ಕಿಂತ ಇದು ಎಷ್ಟು ದೊಡ್ಡದು ಅಲ್ವಾ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಆತ ನನ್ನ ಕಡೆ ನೋಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಒಮ್ಮೆ ಆ ಲೈಟ್‌ಗಳ ಕೆಳಗೆ ನಿಂತರೆ ಗೊತ್ತಾಗುತ್ತದೆ. ಮೊದಲ ಕೆಲವು ಸಾಲು ಬಿಟ್ಟರೆ ಆಚೆಗೆ ಬರೀ ಕತ್ತಲೆ. ಕಿವಿಯಲ್ಲಿ ಮಾನಿಟರ್ ಅನ್ನುವ ಇಯರ್‌ಫೋನ್ ಇರುತ್ತದೆ, ಅದು ಹೊರಗಿನ ಸದ್ದನ್ನೆಲ್ಲ ತಡೆಯುತ್ತದೆ, ನೀವು ಗಂಟಲು ಹರಿಯುವಂತೆ ಹೆಸರು ಕೂಗಿದರೂ ಅವರಿಗೆ ಕೇಳಿಸುವುದು ತಮ್ಮದೇ ಧ್ವನಿ, ಡ್ರಮ್ಸ್ ಮತ್ತು ತಾಳ ಹಿಡಿಯಲು ಹಾಕಿರುವ ಕ್ಲಿಕ್. ಜನರ ಗದ್ದಲ ಕೇಳಿಸದೆ ಒಂಟಿತನ ಅನ್ನಿಸುತ್ತದೆ ಅಂತ ಎಷ್ಟೋ ಬ್ಯಾಂಡ್‌ಗಳು ವೇದಿಕೆ ಅಂಚಿನಲ್ಲಿ ಜನರ ಕಡೆಗೇ ಮೈಕ್ ಇಡಿಸಿ ಅದನ್ನು ಕಿವಿಗೆ ಹಾಕಿಸಿಕೊಳ್ಳುತ್ತಾರೆ. ಮತ್ತೆ ಲೈಟ್, ಹಿಂದಿನ ವಿಡಿಯೋ, ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಎಲ್ಲ ಒಂದೇ ಟೈಮ್‌ಕೋಡ್ (ಎಲ್ಲವನ್ನೂ ಒಟ್ಟಿಗೆ ನಡೆಸುವ ಗಡಿಯಾರ) ಮೇಲೆ ಓಡುವ ದೊಡ್ಡ ಶೋಗಳಲ್ಲಿ ಎಲ್ಲಿ ಮಾತಾಡಬಹುದು, ಎಷ್ಟು ಹೊತ್ತು ಅನ್ನುವುದೂ ಮೊದಲೇ ಗೊತ್ತಾಗಿರುತ್ತದೆ. ಹಾಲ್‌ನವರು ಇಷ್ಟು ಗಂಟೆಗೆ ಮುಗಿಸಲೇಬೇಕು ಅಂತ ಹೇಳಿರುತ್ತಾರೆ, ಮೀರಿದರೆ ದಂಡ. ಐದು ನಿಮಿಷದ ಹರಟೆ ಅಂದರೆ ಒಂದು ಹಾಡು ಕಡಿಮೆ. ನನ್ನನ್ನು ಕೇಳಿದರೆ ಆ ಹಾಡೇ ಇರಲಿ.

ಹಾಗಾದರೆ ಏನೂ ಬಾಕಿ ಇಲ್ವಾ? ಇದೆ, ಬೇಕಾದಷ್ಟಿದೆ. ಹೇಳಿದ ಹೊತ್ತಿಗೆ ಬರಬೇಕು. ಪೂರ್ತಿ ನುಡಿಸಬೇಕು. ಬಂದ ಜನರನ್ನು ಅವಮಾನ ಮಾಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಕೆಳಗೆ ಯಾರಿಗಾದರೂ ಅಪಾಯ ಅಂತ ಕಂಡರೆ ನಿಲ್ಲಿಸಬೇಕು.

1991ರ ಜುಲೈನಲ್ಲಿ ಸೇಂಟ್ ಲೂಯಿಸ್ ಹತ್ತಿರದ ಒಂದು ಶೋನಲ್ಲಿ ಗನ್ಸ್ ಎನ್ ರೋಸಸ್ ಬ್ಯಾಂಡ್‌ನ ಗಾಯಕ ಆಕ್ಸಲ್ ರೋಸ್ ಕ್ಯಾಮೆರಾ ಹಿಡಿದಿದ್ದ ಒಬ್ಬನ ಮೇಲೆ ವೇದಿಕೆಯಿಂದ ಹಾರಿದರು, ಆಮೇಲೆ ಶೋ ಬಿಟ್ಟು ಹೊರಟೇ ಹೋದರು. ಗಲಭೆ ಆಯಿತು, ಹತ್ತಾರು ಜನಕ್ಕೆ ಗಾಯ. ಮುಂದಿನ ವರ್ಷ ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಮೆಟಾಲಿಕಾ ಬ್ಯಾಂಡ್‌ನ ಜೇಮ್ಸ್ ಹೆಟ್‌ಫೀಲ್ಡ್ ವೇದಿಕೆಯ ಬೆಂಕಿಯಲ್ಲಿ ಸುಟ್ಟುಕೊಂಡು ಶೋ ನಿಲ್ಲಿಸಬೇಕಾಯಿತು. ಆಮೇಲೆ ಬಂದ ಗನ್ಸ್ ಎನ್ ರೋಸಸ್ ಕೂಡ ಬೇಗ ಮುಗಿಸಿ ಹೋದರು, ಮತ್ತೆ ಗಲಭೆ. ಹೆಟ್‌ಫೀಲ್ಡ್ ಬಗ್ಗೆ ಯಾರೂ ದೂರಲಿಲ್ಲ, ದೂರುವ ಹಾಗೂ ಇರಲಿಲ್ಲ. ಆಕ್ಸಲ್ ರೋಸ್ ಬಗ್ಗೆ ಜನ ಈಗಲೂ ಮಾತಾಡುತ್ತಾರೆ. ಅದೇ ಸ್ಟೇಡಿಯಂನಲ್ಲಿ 1977ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ ರಾಜರ್ ವಾಟರ್ಸ್ ಮುಂದಿನ ಸಾಲಿನ ಒಬ್ಬ ಅಭಿಮಾನಿಯ ಮೇಲೆ ಉಗಿದಿದ್ದರು. ತಾನು ಎಂಥವನಾಗುತ್ತಿದ್ದೇನೆ ಅಂತ ಅವರಿಗೇ ಅಸಹ್ಯವಾಯಿತು, ಜನಕ್ಕೂ ತನಗೂ ನಡುವೆ ಎದ್ದ ಗೋಡೆಯ ಯೋಚನೆ ಅಲ್ಲಿಂದ ಬಂತು, 1979ರ ದಿ ವಾಲ್ ಆಲ್ಬಂ ಆಯಿತು. ಆಲ್ಬಂ ದೊಡ್ಡದು, ನಾನೂ ಕೇಳುತ್ತೇನೆ. ಆದರೆ ಉಗಿಸಿಕೊಂಡವನ ಪಾಲಿಗೆ ಅದು ಉಗುಳೇ. ಮಾತಾಡಬೇಕಾಗಿಲ್ಲ ಅನ್ನುವುದಕ್ಕೂ ಉಗಿಯಬಹುದು ಅನ್ನುವುದಕ್ಕೂ ಬಹಳ ದೂರ ಇದೆ.

ಇದಕ್ಕೆ ಎದುರಾಗಿ ಫುಗಾಜಿ. ಆ ಬ್ಯಾಂಡ್‌ನವರು ಹಾಡಿನ ಮಧ್ಯೆ ನಿಲ್ಲಿಸಿ, ಕೆಳಗೆ ಬೇರೆಯವರಿಗೆ ಹೊಡೆದು ಬಡಿದು ಕುಣಿಯುತ್ತಿದ್ದವರನ್ನು ನೇರವಾಗಿ ಬೈಯುತ್ತಿದ್ದರು, ಕೇಳದಿದ್ದರೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಬೈಸಿಕೊಂಡವರಿಗೆ ಅದು ಸ್ನೇಹ ಅನ್ನಿಸಿರಲಿಕ್ಕಿಲ್ಲ. ಮೂಲೆಯಲ್ಲಿ ಹೆದರಿ ನಿಂತಿದ್ದವರಿಗೆ ಅದಕ್ಕಿಂತ ದೊಡ್ಡ ಸ್ನೇಹ ಬೇರೆ ಇಲ್ಲ. 2000ದಲ್ಲಿ ಡೆನ್ಮಾರ್ಕ್‌ನ ರೋಸ್ಕಿಲ್ಡೆ ಉತ್ಸವದಲ್ಲಿ ಪರ್ಲ್ ಜಾಮ್ ಬ್ಯಾಂಡ್ ನುಡಿಸುತ್ತಿದ್ದಾಗ ನೂಕುನುಗ್ಗಲಿನಲ್ಲಿ ಸಿಕ್ಕಿ 9 ಜನ ಸತ್ತರು. ಗೊತ್ತಾದ ಕೂಡಲೇ ಅವರ ಗಾಯಕ ಎಡ್ಡಿ ವೆಡ್ಡರ್ ಹಾಡು ನಿಲ್ಲಿಸಿ, ಹಿಂದೆ ಸರಿಯಿರಿ ಅಂತ ಜನರನ್ನು ಬೇಡಿಕೊಂಡರು. 2021ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ರ‍್ಯಾಪರ್ ಟ್ರಾವಿಸ್ ಸ್ಕಾಟ್ ಶೋ ವೇಳೆ 10 ಜನ ಸತ್ತರು. ಆಯೋಜಕರು, ಬ್ಯಾರಿಕೇಡ್, ಭದ್ರತೆ ಎಲ್ಲದರ ಪಾಲೂ ಇಂಥದ್ದರಲ್ಲಿ ಇರುತ್ತದೆ, ಲೈಟ್ ಕೆಳಗೆ ನಿಂತವರಿಗೆ ಎಲ್ಲವೂ ಕಾಣುವುದಿಲ್ಲ ಅಂತ ಈಗಷ್ಟೇ ಹೇಳಿದೆ. ಆದರೂ ಇಡೀ ಹಾಲ್‌ಗೆ ಕೇಳಿಸುವ ಮೈಕ್ ಇರುವುದು ಅವರ ಕೈಯಲ್ಲಿ. ಬ್ಯಾಂಡ್ ಬಾಯಿ ಬಿಡಲೇಬೇಕಾದ ಹೊತ್ತು ಇದೊಂದೇ.

ಶೋ ಮುಗಿದ ಮೇಲೆ ಹಿಂಬಾಗಿಲಲ್ಲಿ ಕಾಯುತ್ತಾರಲ್ಲ, ಅದರ ಬಗ್ಗೆ ನನ್ನ ಮಾತು ಸ್ವಲ್ಪ ಗಟ್ಟಿಯಾಗಿಯೇ ಇದೆ. ಕಾಯಬೇಡಿ. ಕಾದರೂ ಅವರು ಕೈ ಬೀಸಿ ಬಸ್ ಹತ್ತಿದರೆ ಕೋಪ ಮಾಡಿಕೊಳ್ಳಬೇಡಿ. ಒಂದೂವರೆ ಗಂಟೆ ಹಾಡಿದ ಗಂಟಲು ಅದು. ಗದ್ದಲದ ಜಾಗದಲ್ಲಿ ಮಾತಾಡುವಾಗ ಗೊತ್ತಿಲ್ಲದೆಯೇ ಎಲ್ಲರೂ ಧ್ವನಿ ಏರಿಸುತ್ತಾರೆ, ಹಾಡಿ ಊದಿಕೊಂಡ ಗಂಟಲಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಅದಕ್ಕೇ ಎಷ್ಟೋ ಗಾಯಕರು ಶೋ ಆದ ಮೇಲೆ ಮೌನವಾಗಿರುತ್ತಾರೆ. ಜೊತೆಗೆ ನೂರು ಜನರ ಕೈ ಕುಲುಕಿದರೆ ಒಬ್ಬರ ನೆಗಡಿಯಾದರೂ ಅಂಟುತ್ತದೆ, ನಾಳೆ ಇನ್ನೊಂದು ಊರಿನಲ್ಲಿ ಟಿಕೆಟ್ ತೆಗೆದವರಿಗೆ ಶೋನೇ ಇರುವುದಿಲ್ಲ.

ಮತ್ತೆ ಭಯ. ಇದನ್ನು ಬರೆಯಲು ನನಗೆ ಕಷ್ಟ, ಆದರೆ ಬಿಡುವ ಹಾಗಿಲ್ಲ. 1980ರ ಡಿಸೆಂಬರ್ 8ರಂದು ಬೀಟಲ್ಸ್‌ನ ಜಾನ್ ಲೆನನ್ ತನ್ನನ್ನು ಕೊಂದವನಿಗೆ ಅದೇ ದಿನ ಕೆಲವು ಗಂಟೆ ಮುಂಚೆ ಆಲ್ಬಂ ಮೇಲೆ ಸಹಿ ಹಾಕಿಕೊಟ್ಟಿದ್ದರು. 2014ರಲ್ಲಿ ಜಪಾನ್‌ನ ಎಕೆಬಿ48 ಅನ್ನುವ ಪಾಪ್ ತಂಡದ ಹುಡುಗಿಯರು ಅಭಿಮಾನಿಗಳ ಕೈ ಕುಲುಕುತ್ತಿದ್ದ ಕಾರ್ಯಕ್ರಮದಲ್ಲೇ ಒಬ್ಬ ಗರಗಸ ಬೀಸಿದ, ಇಬ್ಬರು ಗಾಯಕಿಯರಿಗೂ ಒಬ್ಬ ಸಿಬ್ಬಂದಿಗೂ ಗಾಯವಾಯಿತು. 2016ರ ಜೂನ್‌ನಲ್ಲಿ ಒರ್ಲ್ಯಾಂಡೋದಲ್ಲಿ ಶೋ ಮುಗಿಸಿ ಅಭಿಮಾನಿಗಳಿಗೆ ಸಹಿ ಹಾಕುತ್ತಿದ್ದ ಗಾಯಕಿ ಕ್ರಿಸ್ಟಿನಾ ಗ್ರಿಮ್ಮಿಗೆ ಒಬ್ಬ ಗುಂಡು ಹಾರಿಸಿದ. ಆಕೆಗೆ ಆಗ 22 ವರ್ಷ. ಇವರೆಲ್ಲ ಜನರ ಹತ್ತಿರ ಬಂದವರು, ಸ್ನೇಹದಿಂದಲೇ ಇದ್ದವರು. ಇದು ಗೊತ್ತಿರುವ ಯಾವ ಕಲಾವಿದರಾದರೂ ಒಂದು ಹೆಜ್ಜೆ ಹಿಂದೆ ನಿಂತರೆ ಅದನ್ನು ಜಂಬ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಬೀಟಲ್ಸ್‌ನ ಡ್ರಮ್ಮರ್ ಆಗಿದ್ದ ರಿಂಗೋ ಸ್ಟಾರ್ 2008ರಲ್ಲಿ, ಅಕ್ಟೋಬರ್ 20ರ ಮೇಲೆ ಅಭಿಮಾನಿಗಳ ಪತ್ರಗಳಿಗೆ ಸಹಿ ಹಾಕುವುದಿಲ್ಲ ಅಂತ ವಿಡಿಯೋ ಮಾಡಿ ಹೇಳಿದಾಗ ಜನ ಕೋಪ ಮಾಡಿಕೊಂಡರು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಾಕಿದ್ದು ಸಾಲದಾ? ಗಾಯಕಿ ಚಾಪಲ್ ರೋನ್ 2024ರಲ್ಲಿ, ನಾನು ವೇದಿಕೆ ಮೇಲೆ ಇಲ್ಲದಾಗ ಕೆಲಸದ ಮೇಲಿಲ್ಲ, ನನ್ನನ್ನು ಹಿಂಬಾಲಿಸಬೇಡಿ, ಮುಟ್ಟಬೇಡಿ ಅಂತ ಬಹಿರಂಗವಾಗಿ ಹೇಳಿದಾಗಲೂ ಕೃತಜ್ಞತೆ ಇಲ್ಲ ಅಂದವರೇ ಜಾಸ್ತಿ. ಆಕೆ ಹೇಳಿದ್ದರಲ್ಲಿ ಒಂದು ಮಾತೂ ನನಗೆ ತಪ್ಪು ಕಾಣಲಿಲ್ಲ. ನಮಗೆ ಆ ಹಾಡು ತುಂಬಾ ಹತ್ತಿರದ್ದು, ಅದಕ್ಕೆ ಹಾಡಿದವರೂ ಹತ್ತಿರದವರು ಅನ್ನಿಸುತ್ತದೆ. ಅವರಿಗೆ ನಾವು ಯಾರು ಅಂತಲೇ ಗೊತ್ತಿಲ್ಲ. ವೇದಿಕೆ ಮೇಲೆ ಫೋನ್ ಎಸೆಯುವ ಹುಚ್ಚೂ ಇದರಿಂದಲೇ ಬರುವುದು. 2023ರಲ್ಲಿ ಗಾಯಕಿ ಬೀಬಿ ರೆಕ್ಸಾ ಮುಖಕ್ಕೆ ಒಬ್ಬ ಎಸೆದ ಫೋನ್ ಬಡಿದು ಕಣ್ಣಿನ ಹತ್ತಿರ ಹೊಲಿಗೆ ಹಾಕಬೇಕಾಯಿತು. ಆ ರಾತ್ರಿ ಯಾರು ಯಾರಿಗೆ ಬಾಕಿ?

ಈ ಭೇಟಿ ವ್ಯಾಪಾರ ಯಾಕೆ ಬೆಳೆಯಿತು ಅನ್ನುವುದೂ ಗುಟ್ಟೇನಲ್ಲ. ಒಂದು ಕಾಲದಲ್ಲಿ ಬ್ಯಾಂಡ್‌ಗಳು ಟೂರ್ ಮಾಡುತ್ತಿದ್ದುದು ರೆಕಾರ್ಡ್ ಮಾರಲು. 1999ರಲ್ಲಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಸಿಡಿ ಮಾರಾಟ ಕುಸಿಯಿತು, ಆಮೇಲೆ ಸ್ಟ್ರೀಮಿಂಗ್ ಬಂತು, ಒಂದು ಸಲ ಹಾಡು ಕೇಳಿದರೆ ಕಲಾವಿದರಿಗೆ ಸಿಗುವುದು ಪುಡಿಗಾಸು. ಈಗ ದುಡ್ಡು ಇರುವುದೇ ಟೂರ್‌ನಲ್ಲಿ. ಬಸ್, ಲಾರಿ, ಸಿಬ್ಬಂದಿ ಸಂಬಳ ಎಲ್ಲ ಕಳೆದರೆ ಅಲ್ಲೂ ಉಳಿಯುವುದು ಕಡಿಮೆ. ಟೀ ಶರ್ಟ್ ಮಾರಿದರೆ ಎಷ್ಟೋ ಹಾಲ್‌ನವರು ಅದರಲ್ಲೂ ಒಂದು ಪಾಲು ಹಿಡಿದುಕೊಳ್ಳುತ್ತಾರೆ. ಭೇಟಿಗೆ ಮಾತ್ರ ಹೊಸ ಸಾಮಾನು ಬೇಡ, ಸಾಗಿಸುವ ಖರ್ಚಿಲ್ಲ, ಬರೀ ಒಂದು ಗಂಟೆ ನಿಂತರೆ ಆಯಿತು. ಕಾರಣ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸರಕು ಒಳ್ಳೆಯದಾಗುವುದಿಲ್ಲ. ಕೆ ಪಾಪ್‌ನಲ್ಲಿ ಸಹಿ ಕಾರ್ಯಕ್ರಮಕ್ಕೆ ಚೀಟಿ ಎತ್ತುತ್ತಾರೆ, ಆಲ್ಬಂ ಕೊಂಡಷ್ಟೂ ಅವಕಾಶ ಹೆಚ್ಚು, ಅದಕ್ಕೆ ಒಂದೇ ಆಲ್ಬಂನ ಹತ್ತಾರು ಪ್ರತಿ ಕೊಳ್ಳುವವರಿದ್ದಾರೆ. ಅಷ್ಟು ಕೊಂಡವರು ಎದುರು ಕೂತಾಗ ಆ ಕಲಾವಿದರ ಮೇಲೆ ಎಂಥ ಭಾರ ಇರುತ್ತದೆ ಯೋಚಿಸಿ. ಅಷ್ಟು ಕೊಟ್ಟವರು ಏನು ಬಯಸಿ ಬಂದಿರುತ್ತಾರೆ ಅನ್ನುವುದನ್ನೂ ಯೋಚಿಸಿ. ಇಬ್ಬರಿಗೂ ಅದು ಹಗುರವಲ್ಲ.

ನಿಮಗೆ ನಿಜವಾಗಿಯೂ ಸಂಗೀತ ಮಾಡುವವರ ಜೊತೆ ಮಾತಾಡಬೇಕು ಅಂತಿದ್ದರೆ ದಾರಿ ಇದೆ, ಅದಕ್ಕೆ ವಿಐಪಿ ಕಾರ್ಡ್ ಬೇಡ. ಮುಖ್ಯ ಬ್ಯಾಂಡ್‌ಗಿಂತ ಮುಂಚೆ ನುಡಿಸುವ ಸಣ್ಣ ಬ್ಯಾಂಡ್ ಇರುತ್ತದಲ್ಲ, ಅವರು ತಮ್ಮ ಸೆಟ್ ಮುಗಿಸಿ ಬೆವರು ಒರೆಸಿಕೊಂಡು ಹಾಲ್‌ನ ಹಿಂಭಾಗದ ಮೇಜಿನ ಹಿಂದೆ ತಾವೇ ನಿಂತು ಟೀ ಶರ್ಟ್, ರೆಕಾರ್ಡ್ ಮಾರುತ್ತಾರೆ. ಆ ಮೇಜಿನ ಹತ್ತಿರ ಹೋಗಿ. ಎರಡನೇ ಹಾಡಿನಲ್ಲಿ ಆ ಬಾಸ್ ಲೈನ್ ಚೆನ್ನಾಗಿತ್ತು ಅಂತ ಹೇಳಿ ನೋಡಿ, ಮುಖ ಅರಳುತ್ತದೆ. ಆ ಮೇಜಿನ ಮುಂದೆ ನಾನು ಆಡಿದ ಮಾತುಗಳು ನನಗೆ ಈಗಲೂ ನೆನಪಿವೆ, ಗಿಟಾರ್ ಸದ್ದು ಬದಲಿಸಲು ಯಾವ ಪೆಡಲ್ ಬಳಸುತ್ತಾರೆ, ಯಾವ ಹಾಡು ಬರೆಯಲು ಒದ್ದಾಡಿದರು, ಮುಂದಿನ ಊರಿಗೆ ರಾತ್ರಿಯೆಲ್ಲ ಯಾರು ವ್ಯಾನ್ ಓಡಿಸುತ್ತಾರೆ. ಅವರಿಗೂ ಹೊತ್ತಿತ್ತು, ನನ್ನ ಹಿಂದೆ ಯಾರೂ ಸಾಲು ನಿಂತಿರಲಿಲ್ಲ. ಅದೇ ಬ್ಯಾಂಡ್ ನಾಳೆ ದೊಡ್ಡದಾದರೆ ಇದು ಸಾಧ್ಯವಾಗುವುದಿಲ್ಲ, ಮೇಲೆ ಹೇಳಿದ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಆಗ ಅವರು ಬದಲಾಗಿಬಿಟ್ಟರು ಅಂತ ಹೇಳಿಕೊಂಡು ತಿರುಗಬೇಡಿ, ದಯವಿಟ್ಟು.

ಪ್ಯಾಕೇಜ್‌ನಲ್ಲಿ ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬೇಗ ಒಳಗೆ ಬಿಡುವುದು ಚೆನ್ನಾಗಿದೆ, ಮುಂದಿನ ಬ್ಯಾರಿಕೇಡ್ ಹತ್ತಿರ ಜಾಗ ಸಿಕ್ಕಿತು, ಕುಳ್ಳಗಿರುವವರಿಗೆ ಇದು ದೊಡ್ಡ ಉಪಕಾರ. ಪೋಸ್ಟರ್ ಕಾಗದ ದಪ್ಪ, ಅಚ್ಚು ಚೆನ್ನಾಗಿದೆ, ಸಹಿ ಕೈಯಿಂದ ಹಾಕಿದ್ದೇ, ಮೊದಲೇ ಹಾಕಿಟ್ಟಿದ್ದರು. ಸುತ್ತಿಡಲು ಒಂದು ಕೊಳವೆ ಕೊಡಬೇಕಿತ್ತು, ಕೊಡಲಿಲ್ಲ, ನೂಕಾಟದಲ್ಲಿ ಎಷ್ಟೋ ಜನರ ಪೋಸ್ಟರ್ ಮಡಚಿಹೋಯಿತು. ಲ್ಯಾಮಿನೇಟ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತಿತ್ತು. ಫೋಟೋ ಲಿಂಕ್ ಬಂದಿದ್ದು ತಡವಾಗಿ, ಆದರೆ ಬಂತು.

ಕೊಳ್ಳುವ ಮುಂಚೆ ಒಳಗೆ ಏನೇನಿದೆ ಅಂತ ಸಣ್ಣ ಅಕ್ಷರದವರೆಗೂ ಓದಿ. ಭೇಟಿ ಅಂತ ಬರೆದಿದ್ದರೆ ಎಷ್ಟು ಹೊತ್ತು, ಒಬ್ಬೊಬ್ಬರಾಗಿಯೋ ಗುಂಪಿನಲ್ಲೋ, ಮಾತಾಡಬಹುದಾ ಇಲ್ವಾ ಅಂತ ಬರೆದು ಕೇಳಿ. ಬ್ಯಾಂಡ್ ಬರುತ್ತದೆ ಅಂತ ಎಲ್ಲೂ ಹೇಳದೆ ಬರೀ ವಿಐಪಿ ಅಂತ ಇರುವ ಪ್ಯಾಕೇಜ್‌ಗಳೂ ಬೇಕಾದಷ್ಟಿವೆ, ಅವುಗಳಲ್ಲಿ ನಿಮಗೆ ಸಿಗುವುದು ಸಾಮಾನು ಮತ್ತೆ ಬೇಗ ಪ್ರವೇಶ ಮಾತ್ರ. ಬ್ಯಾಂಡ್‌ಗಳಿಗೆ, ಅವರ ಟೂರ್ ಮ್ಯಾನೇಜರ್‌ಗಳಿಗೆ ನಾನು ಕೇಳುವುದು ಇಷ್ಟೇ: ಫೋಟೋ ಸಾಲನ್ನು ತೆಗೆದುಹಾಕಿ. ಸೌಂಡ್‌ಚೆಕ್ ಆದ ಮೇಲೆ ವೇದಿಕೆ ಅಂಚಿನಲ್ಲಿ ಕೂತು ಇಪ್ಪತ್ತು ನಿಮಿಷ ಎಲ್ಲರ ಪ್ರಶ್ನೆಗೆ ಒಟ್ಟಿಗೆ ಉತ್ತರ ಕೊಡಿ. ಪತ್ರ ಹಿಡಿದು ಬಂದ ಆ ಹುಡುಗಿಯ ಮಾತು ಆಗ ಪೂರ್ತಿ ಆಗುತ್ತಿತ್ತು, ನಾವೂ ಕೇಳುತ್ತಿದ್ದೆವು.

ಸೌಂಡ್‌ಚೆಕ್‌ಗೆ ಐದಕ್ಕೆ ಐದು. ಬೇಗ ಪ್ರವೇಶಕ್ಕೆ ನಾಲ್ಕು. ಪೋಸ್ಟರ್‌ಗೆ ಮೂರು. ಭೇಟಿಗೆ ಒಂದು, ಅದೂ ಆ ಗಾಯಕ ಮುಂದಿಟ್ಟ ಒಂದು ಹೆಜ್ಜೆಗೆ. ಸೌಂಡ್‌ಚೆಕ್ ಒಂದನ್ನೇ ಬೇರೆ ಟಿಕೆಟ್ ಮಾಡಿ ಮಾರಿದರೆ ನಾಳೆಯೇ ಕೊಳ್ಳುತ್ತೇನೆ.